ಎಚ್‌ಐವಿ ಸೋಂಕು ಮತ್ತು ರೋಗನಿರೋಧಕ ವಂಶವಾಹಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ವೈರಸ್ ತಗುಲಿದರೂ ರೋಗ ಎಲ್ಲರಲ್ಲೂ ಒಂದೇ ವೇಗದಲ್ಲಿ ಏಕೆ ಮುಂದುವರಿಯುವುದಿಲ್ಲ?

ಚಿಕಿತ್ಸೆ ಇಲ್ಲದಿದ್ದರೆ ಎಚ್‌ಐವಿ ಸೋಂಕು ಏಡ್ಸ್ ಹಂತಕ್ಕೆ ತಲುಪಲು ಸರಾಸರಿ 10 ವರ್ಷ ಬೇಕಾಗುತ್ತದೆ. ಆದರೆ ಈ ಸರಾಸರಿಯ ಹಿಂದೆ ಬಹಳ ದೊಡ್ಡ ವ್ಯತ್ಯಾಸ ಅಡಗಿದೆ. ಕೆಲವರಲ್ಲಿ ಎರಡು ಮೂರು ವರ್ಷಗಳಲ್ಲೇ ಸಿಡಿ4 ಕಣಗಳು (ಎಚ್‌ಐವಿ ದಾಳಿಮಾಡುವ, ದೇಹದ ರಕ್ಷಣೆಗೆ ಮುಖ್ಯವಾದ ಬಿಳಿ ರಕ್ತಕಣಗಳು) ಅಪಾಯದ ಮಟ್ಟಕ್ಕೆ ಇಳಿದರೆ, ಇನ್ನು ಕೆಲವರು ಯಾವ ಔಷಧವನ್ನೂ ತೆಗೆದುಕೊಳ್ಳದೆ ಇಪ್ಪತ್ತು ವರ್ಷ ಕಳೆದರೂ ಆರೋಗ್ಯವಾಗಿಯೇ ಇರುತ್ತಾರೆ. ಶೇ. 1ಕ್ಕಿಂತ ಕಡಿಮೆ ಜನರಲ್ಲಂತೂ ಔಷಧವಿಲ್ಲದೆಯೇ ವೈರಸ್ಸಿನ ಪ್ರಮಾಣ ಸಾಮಾನ್ಯ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇರುತ್ತದೆ. ವೈದ್ಯಕೀಯದಲ್ಲಿ ಇವರನ್ನು ಎಲೀಟ್ ಕಂಟ್ರೋಲರ್‌ಗಳು ಎಂದು ಕರೆಯುತ್ತಾರೆ.

ಈ ವ್ಯತ್ಯಾಸಕ್ಕೆ ಕಾರಣಗಳು ಹಲವು: ದೇಹ ಸೇರಿದ ವೈರಸ್ಸಿನ ತಳಿ ಎಷ್ಟು ಬಲಶಾಲಿ, ಸೋಂಕು ತಗುಲಿದಾಗ ವ್ಯಕ್ತಿಯ ವಯಸ್ಸೆಷ್ಟು, ಕ್ಷಯದಂತಹ ಬೇರೆ ಸೋಂಕುಗಳು ಜೊತೆಗಿವೆಯೇ, ಪೌಷ್ಟಿಕತೆ ಹೇಗಿದೆ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇವುಗಳ ಜೊತೆಗೆ, ತಂದೆತಾಯಿಯಿಂದ ಬಂದ ರೋಗನಿರೋಧಕ ವಂಶವಾಹಿಗಳಲ್ಲಿನ ಭೇದಗಳಿಗೂ ಖಚಿತವಾದ ಪಾತ್ರವಿದೆ. ಆ ಪಾತ್ರ ಏನು, ಅದರ ಮಿತಿ ಎಲ್ಲಿ ಎಂಬುದೇ ಈ ಪುಟದ ವಿಷಯ. ಮಿತಿಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಹೇಳುವ ಬಹುತೇಕ ಸಂಗತಿಗಳು ಸಾವಿರಾರು ಜನರ ಗುಂಪುಗಳಲ್ಲಿ ಕಂಡುಬಂದ ಒಲವುಗಳು. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಅವುಗಳಿಂದ ಹೇಳಲು ಬರುವುದಿಲ್ಲ.

ರೋಗ ಮುಂದುವರಿಯುವ ವೇಗವನ್ನು ಸಂಶೋಧಕರು ಹೇಗೆ ಅಳೆಯುತ್ತಾರೆ?

ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಬಹಳ ಎತ್ತರಕ್ಕೆ ಏರುತ್ತದೆ. ಅಷ್ಟರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಅದನ್ನು ಒಂದಷ್ಟು ಹತೋಟಿಗೆ ತರುತ್ತದೆ. ಕೆಲವು ತಿಂಗಳಲ್ಲಿ ವೈರಲ್ ಲೋಡ್ ಒಂದು ಮಟ್ಟದಲ್ಲಿ ನೆಲೆನಿಂತು, ಚಿಕಿತ್ಸೆ ಇಲ್ಲದಿದ್ದರೆ ವರ್ಷಗಟ್ಟಲೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇದನ್ನು ಸೆಟ್ ಪಾಯಿಂಟ್ ವೈರಲ್ ಲೋಡ್ ಎನ್ನುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಸಾವಿರಪಟ್ಟಿಗೂ ಮಿಕ್ಕಿ ಬೇರೆಯಾಗಬಹುದು. ಇದು ಹೆಚ್ಚಿದ್ದಷ್ಟೂ ಸಿಡಿ4 ಕಣಗಳು ಬೇಗ ಕುಸಿಯುತ್ತವೆ ಮತ್ತು ಇತರರಿಗೆ ಸೋಂಕು ಹರಡುವ ಸಾಧ್ಯತೆಯೂ ಹೆಚ್ಚುತ್ತದೆ. ವಂಶವಾಹಿಗಳ ಪ್ರಭಾವವನ್ನು ಹುಡುಕುವ ಅಧ್ಯಯನಗಳಲ್ಲಿ ಹೆಚ್ಚಿನವು ಈ ಮಟ್ಟವನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ.

ಎಚ್‌ಐವಿ ತಗುಲದೇ ಇರುವಂತಹ ಜನರು ನಿಜವಾಗಿಯೂ ಇದ್ದಾರೆಯೇ?

ಇದ್ದಾರೆ, ಆದರೆ ಬಹಳ ಕಡಿಮೆ, ಮತ್ತು ಅವರಲ್ಲಿಯೂ ಈ ರಕ್ಷಣೆ ಪೂರ್ಣವಾದುದಲ್ಲ.

ಎಚ್‌ಐವಿ ಜೀವಕೋಶದೊಳಗೆ ಸೇರಬೇಕಾದರೆ ಅದರ ಮೇಲ್ಮೈಯಲ್ಲಿರುವ ಎರಡು ಪ್ರೋಟೀನುಗಳು ಬೇಕು. ಮೊದಲನೆಯದು ಸಿಡಿ4. ಅದೊಂದರಿಂದಲೇ ಪ್ರವೇಶ ಸಾಧ್ಯವಿಲ್ಲವೆಂಬುದು 1980ರ ದಶಕದಲ್ಲೇ ಗೊತ್ತಾಗಿತ್ತಾದರೂ ಎರಡನೆಯ ಪ್ರೋಟೀನು ಯಾವುದೆಂದು ತಿಳಿದದ್ದು 1996ರಲ್ಲಿ. ಹೊಸದಾಗಿ ಸೋಂಕು ಹರಡುವ ವೈರಸ್ಸುಗಳಲ್ಲಿ ಬಹುಪಾಲು ಬಳಸುವುದು ಸಿಸಿಆರ್5 ಎಂಬ ಪ್ರೋಟೀನನ್ನು. ರೋಗದ ಕೊನೆಯ ಹಂತಗಳಲ್ಲಿ ಕೆಲವರ ದೇಹದಲ್ಲಿ ವೈರಸ್ ಬದಲಾಗಿ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದನ್ನು ಬಳಸಲು ಕಲಿಯುತ್ತದೆ.

ಅದೇ ವರ್ಷ ಬೇರೆ ಬೇರೆ ಸಂಶೋಧನಾ ತಂಡಗಳು ಸಿಸಿಆರ್5 ವಂಶವಾಹಿಯಲ್ಲಿ 32 ಅಕ್ಷರಗಳಷ್ಟು ಡಿಎನ್‌ಎ ಇಲ್ಲದಿರುವ ಒಂದು ರೂಪಭೇದವನ್ನು ಗುರುತಿಸಿದವು. ಇದಕ್ಕೆ ಡೆಲ್ಟಾ 32 ಎಂದು ಹೆಸರು. ಅಷ್ಟು ಭಾಗ ಕಾಣೆಯಾಗಿರುವುದರಿಂದ ತಯಾರಾಗುವ ಪ್ರೋಟೀನು ಅರ್ಧಕ್ಕೆ ನಿಂತು, ಕೋಶದ ಮೇಲ್ಮೈಗೆ ಬರುವುದೇ ಇಲ್ಲ. ತಂದೆ ಮತ್ತು ತಾಯಿ ಇಬ್ಬರಿಂದಲೂ ಈ ರೂಪವನ್ನೇ ಪಡೆದವರ ಕೋಶಗಳಿಗೆ ಸಿಸಿಆರ್5 ಬಳಸುವ ಎಚ್‌ಐವಿ ಒಳಹೊಗಲಾರದು. ಯುರೋಪ್ ಮೂಲದ ಜನರಲ್ಲಿ ಸುಮಾರು ಶೇ. 1ರಷ್ಟು ಮಂದಿ ಇಂಥವರು. ಉತ್ತರ ಯುರೋಪಿನಲ್ಲಿ ಈ ಪ್ರಮಾಣ ಸ್ವಲ್ಪ ಹೆಚ್ಚು, ದಕ್ಷಿಣಕ್ಕೆ ಹೋದಂತೆ ಕಡಿಮೆ. ಆಫ್ರಿಕಾ ಮತ್ತು ಪೂರ್ವ ಏಷ್ಯಾದ ಮೂಲನಿವಾಸಿಗಳಲ್ಲಿ ಈ ರೂಪಭೇದ ಇಲ್ಲವೆಂದೇ ಹೇಳಬೇಕು. ದಕ್ಷಿಣ ಏಷ್ಯಾದಲ್ಲೂ ಬಹಳ ವಿರಳ.

ಇದು ಎಚ್‌ಐವಿಗಾಗಿ ಹುಟ್ಟಿಕೊಂಡ ರಕ್ಷಣೆಯಲ್ಲ ಎಂಬುದನ್ನೂ ಗಮನಿಸಬೇಕು. ಎಚ್‌ಐವಿ ಮನುಷ್ಯರಿಗೆ ದಾಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ಆಸುಪಾಸಿನಲ್ಲಿ. ಡೆಲ್ಟಾ 32 ಮಾತ್ರ ಸಾವಿರಾರು ವರ್ಷ ಹಳೆಯದು. ಪ್ರಾಚೀನ ಅಸ್ಥಿಗಳಿಂದ ತೆಗೆದ ಡಿಎನ್‌ಎಯಲ್ಲೂ ಅದು ಸಿಕ್ಕಿದೆ.

ಡೆಲ್ಟಾ 32 ಒಬ್ಬ ಪೋಷಕರಿಂದ ಮಾತ್ರ ಬಂದಿದ್ದರೆ?

ಆಗ ಕೋಶದ ಮೇಲೆ ಸಿಸಿಆರ್5 ಇರುತ್ತದೆ, ಆದರೆ ಕಡಿಮೆ ಇರುತ್ತದೆ. ಇಂಥವರಿಗೆ ಸೋಂಕು ತಗುಲುತ್ತದೆ. ತಗುಲಿದ ಮೇಲೆ ರೋಗ ನಿಧಾನವಾಗಿ ಬೆಳೆಯುತ್ತದೆ. ಚಿಕಿತ್ಸೆ ಇನ್ನೂ ಬಾರದಿದ್ದ ಕಾಲದ ಅಧ್ಯಯನಗಳಲ್ಲಿ ಏಡ್ಸ್ ಹಂತ ತಲುಪುವುದು ಸುಮಾರು 2 ವರ್ಷ ತಡವಾಗಿದ್ದು ಕಂಡುಬಂದಿದೆ. ಸಿಸಿಆರ್5ರ ಪಕ್ಕದಲ್ಲೇ 3ನೆಯ ವರ್ಣತಂತುವಿನಲ್ಲಿರುವ ಸಿಸಿಆರ್2 ವಂಶವಾಹಿಯ ಒಂದು ರೂಪಭೇದಕ್ಕೂ ಇಂಥದೇ ಸಾಧಾರಣ ಪರಿಣಾಮವಿದೆ. ಡೆಲ್ಟಾ 32ರಂತಲ್ಲದೆ ಇದು ಆಫ್ರಿಕಾ, ಏಷ್ಯಾಗಳ ಜನರಲ್ಲೂ ಇದೆ.

ಡೆಲ್ಟಾ 32 ಎರಡೂ ಕಡೆಯಿಂದ ಬಂದಿರುವುದು ಪರೀಕ್ಷೆಯಲ್ಲಿ ಗೊತ್ತಾದರೆ ಮುನ್ನೆಚ್ಚರಿಕೆ ಬಿಡಬಹುದೇ?

ಬಿಡಬಾರದು. ಸಿಎಕ್ಸ್‌ಸಿಆರ್4 ಬಳಸುವ ವೈರಸ್ಸಿಗೆ ಸಿಸಿಆರ್5 ಬೇಕಾಗಿಯೇ ಇಲ್ಲ, ಮತ್ತು ಎರಡೂ ಕಡೆಯಿಂದ ಡೆಲ್ಟಾ 32 ಪಡೆದವರಲ್ಲಿ ಎಚ್‌ಐವಿ ಸೋಂಕು ಉಂಟಾದ ಪ್ರಕರಣಗಳು, ವಿರಳವಾಗಿಯಾದರೂ, ದಾಖಲಾಗಿವೆ. ಹೆಪಟೈಟಿಸ್ ಬಿ, ಸಿಫಿಲಿಸ್ ಮುಂತಾದ ಇತರ ಸೋಂಕುಗಳ ವಿರುದ್ಧ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಎಚ್‌ಎಲ್‌ಎ ಎಂದರೇನು? ಎಚ್‌ಐವಿ ಕುರಿತ ಚರ್ಚೆಯಲ್ಲಿ ಅದರ ಹೆಸರು ಇಷ್ಟೊಂದು ಸಲ ಏಕೆ ಬರುತ್ತದೆ?

ನಮ್ಮ 6ನೆಯ ವರ್ಣತಂತುವಿನಲ್ಲಿ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ವಂಶವಾಹಿಗಳು ಒತ್ತೊತ್ತಾಗಿ ಸೇರಿರುವ ಒಂದು ಭಾಗವಿದೆ. ಎಚ್‌ಎಲ್‌ಎ ವಂಶವಾಹಿಗಳು ಇರುವುದು ಅಲ್ಲಿ. ಎಚ್‌ಐವಿಯ ಮಟ್ಟಿಗೆ ಮುಖ್ಯವಾದವು ಎಚ್‌ಎಲ್‌ಎ-ಎ, ಎಚ್‌ಎಲ್‌ಎ-ಬಿ ಮತ್ತು ಎಚ್‌ಎಲ್‌ಎ-ಸಿ.

ಇವು ತಯಾರಿಸುವ ಪ್ರೋಟೀನುಗಳ ಕೆಲಸ ಹೀಗಿದೆ. ಕೋಶದೊಳಗೆ ತಯಾರಾಗುವ ಪ್ರತಿಯೊಂದು ಪ್ರೋಟೀನಿನ ಸಣ್ಣ ತುಣುಕುಗಳನ್ನು, ಸಾಮಾನ್ಯವಾಗಿ ಎಂಟರಿಂದ ಹತ್ತು ಅಮೈನೋ ಆಮ್ಲಗಳಷ್ಟು ಉದ್ದದವನ್ನು, ಅವು ತಮ್ಮ ಮೇಲಿನ ಒಂದು ಸೀಳಿನಲ್ಲಿ ಹಿಡಿದು ಕೋಶದ ಹೊರಮೈಗೆ ತಂದು ತೋರಿಸುತ್ತವೆ. ಕೊಲ್ಲುವ ಸಾಮರ್ಥ್ಯವುಳ್ಳ ಸಿಡಿ8 ಟಿ ಕಣಗಳು ಆ ತುಣುಕುಗಳನ್ನು ಸತತವಾಗಿ ಪರಿಶೀಲಿಸುತ್ತಿರುತ್ತವೆ. ಅಲ್ಲಿ ವೈರಸ್ಸಿನ ತುಣುಕು ಕಂಡರೆ ಆ ಕೋಶವನ್ನು ನಾಶಮಾಡುತ್ತವೆ. ಸೋಂಕಿತ ಕೋಶ ಹೊಸ ವೈರಸ್ಸುಗಳನ್ನು ಬಿಡುಗಡೆ ಮಾಡುವ ಮೊದಲೇ ಇದು ನಡೆದರೆ ಸೋಂಕಿನ ಹರಡುವಿಕೆ ಅಷ್ಟರಮಟ್ಟಿಗೆ ತಗ್ಗುತ್ತದೆ.

ಮನುಷ್ಯನ ವಂಶವಾಹಿಗಳಲ್ಲಿ ಅತಿ ಹೆಚ್ಚು ವೈವಿಧ್ಯವಿರುವುದು ಇಲ್ಲಿಯೇ. ಎಚ್‌ಎಲ್‌ಎ-ಬಿ ಒಂದರಲ್ಲೇ ಸಾವಿರಾರು ರೂಪಭೇದಗಳನ್ನು ಗುರುತಿಸಲಾಗಿದೆ. ಒಂದೊಂದು ರೂಪದ ಸೀಳಿನ ಆಕಾರವೂ ಬೇರೆ, ಹಾಗಾಗಿ ಅದರಲ್ಲಿ ಕೂರುವ ತುಣುಕುಗಳೂ ಬೇರೆ. ಅಂದರೆ ಒಂದೇ ವೈರಸ್ಸಿನ ಯಾವ ಭಾಗವನ್ನು ದೇಹ ನೋಡುತ್ತದೆ, ಯಾವುದನ್ನು ನೋಡುವುದೇ ಇಲ್ಲ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ಎಚ್‌ಎಲ್‌ಎ-ಬಿ 57 ಮತ್ತು ಬಿ 27 ಇದ್ದವರಲ್ಲಿ ರೋಗ ನಿಧಾನವಾಗುವುದೇಕೆ?

ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಬೆಲೆಯುಳ್ಳ ಪಾಠ ಸಿಕ್ಕಿದ್ದು ಈ ಪ್ರಶ್ನೆಯಿಂದ ಎಂದು ನಾವು ತಿಳಿಯುತ್ತೇವೆ. ಆದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಯುರೋಪ್ ಮೂಲದವರಲ್ಲಿ ಬಿ 57:01 ಮತ್ತು ಬಿ 27:05, ಆಫ್ರಿಕಾ ಮೂಲದವರಲ್ಲಿ ಬಿ 57:03 ಮತ್ತು ಬಿ 58:01 ಎಂಬ ರೂಪಭೇದಗಳು (ಮೊದಲ ಸಂಖ್ಯೆ ಗುಂಪನ್ನು, ನಂತರದ್ದು ಅದರ ಉಪರೂಪವನ್ನು ಸೂಚಿಸುತ್ತದೆ) ರೋಗದ ನಿಧಾನಗತಿಯೊಂದಿಗೆ ಮತ್ತೆ ಮತ್ತೆ ಜೋಡಿಯಾಗಿ ಕಂಡುಬಂದಿವೆ. ಎಲೀಟ್ ಕಂಟ್ರೋಲರ್‌ಗಳಲ್ಲಿ ಬಿ 57 ಇರುವವರ ಪ್ರಮಾಣ ಇತರ ಸೋಂಕಿತರಲ್ಲಿರುವುದಕ್ಕಿಂತ ಹಲವುಪಟ್ಟು ಹೆಚ್ಚು.

ಎಚ್‌ಐವಿ ತನ್ನನ್ನು ನಕಲು ಮಾಡಿಕೊಳ್ಳುವಾಗ ಬಹಳ ತಪ್ಪುಗಳನ್ನು ಮಾಡುತ್ತದೆ. ಆ ತಪ್ಪುಗಳಿಂದಲೇ ಸಿಡಿ8 ಕಣಗಳ ಕಣ್ಣಿಗೆ ಬೀಳದ ಹೊಸ ರೂಪಗಳು ಹುಟ್ಟಿಕೊಳ್ಳುತ್ತವೆ. ಹೀಗಾಗಿ ದೇಹ ವೈರಸ್ಸಿನ ಯಾವುದೋ ಒಂದು ಭಾಗವನ್ನು ಗುರುತಿಸಿದರೆ ಸಾಲದು, ಬದಲಾದರೆ ವೈರಸ್ಸಿಗೇ ನಷ್ಟವಾಗುವಂತಹ ಭಾಗವನ್ನು ಗುರುತಿಸಬೇಕು. ಬಿ 57 ಮಾಡುವುದು ಅದನ್ನೇ. ವೈರಸ್ಸಿನ ತಿರುಳನ್ನು ಸುತ್ತುವರಿದ ಕವಚವು ಪಿ24 ಎಂಬ ಪ್ರೋಟೀನಿನಿಂದ ಆಗಿದೆ. ನೂರಾರು ಪಿ24 ಘಟಕಗಳು ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಿಕೊಂಡರೆ ಮಾತ್ರ ಕವಚ ನಿಲ್ಲುತ್ತದೆ. ಬಿ 57 ಇದೇ ಪ್ರೋಟೀನಿನ ಟಿಡಬ್ಲ್ಯು10 ಎಂಬ ತುಣುಕನ್ನು ಸಿಡಿ8 ಕಣಗಳಿಗೆ ತೋರಿಸುತ್ತದೆ. ವೈರಸ್ ತಪ್ಪಿಸಿಕೊಳ್ಳಲು ಅಲ್ಲಿನ 242ನೆಯ ಸ್ಥಾನದ ಅಮೈನೋ ಆಮ್ಲವನ್ನು ಬದಲಿಸಿಕೊಳ್ಳುತ್ತದೆ. ತಪ್ಪಿಸಿಕೊಳ್ಳುವುದೇನೋ ಆಗುತ್ತದೆ, ಆದರೆ ಮನೆಯ ಆಧಾರಗಂಬವನ್ನೇ ಕದಲಿಸಿದಂತಾಗಿ ಅದರ ವೃದ್ಧಿಯ ಸಾಮರ್ಥ್ಯ ಕುಂದುತ್ತದೆ.

ಇದು ಊಹೆಯ ಮಾತಲ್ಲ ಎನ್ನುವುದಕ್ಕೆ ಒಂದು ಸೊಗಸಾದ ಪುರಾವೆಯಿದೆ. ಹೀಗೆ ಬದಲಾದ ವೈರಸ್, ಬಿ 57 ಅಥವಾ ಬಿ 58:01 ಇಲ್ಲದ ಇನ್ನೊಬ್ಬರ ದೇಹ ಸೇರಿದಾಗ, ಆ ಬದಲಾವಣೆಯನ್ನು ಬಿಟ್ಟುಕೊಟ್ಟು ಕ್ರಮೇಣ ತನ್ನ ಮೂಲ ರೂಪಕ್ಕೆ ಮರಳುತ್ತದೆ. ಬದಲಾವಣೆಯಿಂದ ನಷ್ಟವಿಲ್ಲದಿದ್ದರೆ ಮರಳುವ ಅಗತ್ಯವೇ ಇರುತ್ತಿರಲಿಲ್ಲ.

ಬಿ 27ರ ಕಥೆಯೂ ಇದಕ್ಕೆ ಹತ್ತಿರದ್ದು. ಅದು ತೋರಿಸುವುದೂ ಪಿ24ರ ಇನ್ನೊಂದು ತುಣುಕನ್ನೇ. ಅಲ್ಲಿಂದ ತಪ್ಪಿಸಿಕೊಳ್ಳಬೇಕಾದರೆ 264ನೆಯ ಸ್ಥಾನ ಬದಲಾಗಬೇಕು. ಆ ಒಂದು ಬದಲಾವಣೆಯಿಂದಲೇ ವೈರಸ್ ತೀವ್ರವಾಗಿ ದುರ್ಬಲವಾಗುವುದರಿಂದ, ಅದನ್ನು ಸರಿದೂಗಿಸುವ ಮತ್ತೊಂದು ಬದಲಾವಣೆ ಬೇರೆಡೆ ಆಗುವವರೆಗೆ ಅದು ಕಾಯಬೇಕಾಗುತ್ತದೆ. ಇದಕ್ಕೆ ಹಲವು ವರ್ಷಗಳೇ ಹಿಡಿಯುತ್ತವೆ. ಆ ದಿನ ಬಂದಾಗ ಅಷ್ಟು ಕಾಲ ಹತೋಟಿಯಲ್ಲಿದ್ದ ವೈರಲ್ ಲೋಡ್ ಏರತೊಡಗುತ್ತದೆ.

2010ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ, ಔಷಧವಿಲ್ಲದೆ ವೈರಸ್ಸನ್ನು ಹತೋಟಿಯಲ್ಲಿಟ್ಟವರ ಇಡೀ ಜೀನೋಮನ್ನು, ಅಂದರೆ ಎಲ್ಲ ಡಿಎನ್‌ಎಯನ್ನು, ಇತರ ಸೋಂಕಿತರದರೊಂದಿಗೆ ಹೋಲಿಸಿತು. ಸ್ಪಷ್ಟ ಸಂಬಂಧ ತೋರಿದ 300ಕ್ಕೂ ಹೆಚ್ಚು ಡಿಎನ್‌ಎ ಗುರುತುಗಳೆಲ್ಲವೂ 6ನೆಯ ವರ್ಣತಂತುವಿನ ಈ ಭಾಗದಲ್ಲೇ ಇದ್ದವು. ಇನ್ನೂ ಆಳಕ್ಕೆ ಹೋದಾಗ, ಎಚ್‌ಎಲ್‌ಎ-ಬಿ ಪ್ರೋಟೀನಿನ ಸೀಳಿನೊಳಗಿನ ಕೆಲವೇ ಅಮೈನೋ ಆಮ್ಲಗಳು, ಅದರಲ್ಲೂ 97ನೆಯ ಸ್ಥಾನದ್ದು, ಈ ಸಂಬಂಧದ ಬಹುಭಾಗವನ್ನು ವಿವರಿಸಿದವು. ತುಣುಕನ್ನು ಹಿಡಿಯುವ ಜಾಗದ ಆಕಾರವೇ ನಿರ್ಣಾಯಕ ಎಂಬ ಮಾತು ಅಲ್ಲಿಗೆ ಗಟ್ಟಿಯಾಯಿತು.

ರೋಗವನ್ನು ವೇಗಗೊಳಿಸುವ ಎಚ್‌ಎಲ್‌ಎ ರೂಪಗಳೂ ಇವೆಯೇ?

ಇವೆ. ಎಚ್‌ಎಲ್‌ಎ-ಬಿ 35ರ ಕೆಲವು ಉಪರೂಪಗಳು, ಮುಖ್ಯವಾಗಿ 35:02 ಮತ್ತು 35:03, ಬೇಗನೆ ಏಡ್ಸ್ ಹಂತ ತಲುಪುವುದರೊಂದಿಗೆ ತಳುಕುಹಾಕಿಕೊಂಡಿವೆ. ಇಲ್ಲಿ ಕಣ್ಣರಳಿಸಿ ನೋಡಬೇಕಾದ ಸಂಗತಿಯೊಂದಿದೆ: ಬಿ 35:01 ಮತ್ತು ಬಿ 35:03 ನಡುವಿನ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದು. ಹಾಗಿದ್ದೂ ಮೊದಲನೆಯದಕ್ಕೆ ಆ ಕೆಟ್ಟ ಪರಿಣಾಮ ಅಷ್ಟಾಗಿ ಇಲ್ಲ, ಎರಡನೆಯದಕ್ಕೆ ಇದೆ.

ಇದಲ್ಲದೆ, ತಂದೆ ಮತ್ತು ತಾಯಿಯಿಂದ ಒಂದೇ ಎಚ್‌ಎಲ್‌ಎ ರೂಪ ಬಂದಿದ್ದರೆ ಅದೂ ಅನನುಕೂಲವೇ. ಎರಡು ಬೇರೆ ರೂಪಗಳಿದ್ದರೆ ವೈರಸ್ಸಿನ ಹೆಚ್ಚು ಬಗೆಯ ತುಣುಕುಗಳನ್ನು ತೋರಿಸಬಹುದು. ಒಂದೇ ಇದ್ದರೆ ವೈರಸ್ ತಪ್ಪಿಸಿಕೊಳ್ಳಬೇಕಾದ ಗುರಿಗಳು ಕಡಿಮೆಯಾಗುತ್ತವೆ. ಇಂಥವರಲ್ಲಿ ರೋಗ ಬೇಗ ಮುಂದುವರಿಯುತ್ತದೆಂದು 1999ರ ಅಧ್ಯಯನವೊಂದು ತೋರಿಸಿತು.

ರೂಪ ಮಾತ್ರವಲ್ಲ, ಪ್ರಮಾಣವೂ ಮುಖ್ಯ. ಕೋಶದ ಮೇಲೆ ಎಚ್‌ಎಲ್‌ಎ-ಸಿ ಹೆಚ್ಚಿದ್ದವರಲ್ಲಿ ವೈರಸ್ ಹತೋಟಿ ಚೆನ್ನಾಗಿರುತ್ತದೆ. ಎಚ್‌ಎಲ್‌ಎ-ಎ ಹೆಚ್ಚಿದ್ದರೆ ಇದಕ್ಕೆ ವಿರುದ್ಧ. ಎಚ್‌ಎಲ್‌ಎ-ಎಯ ಒಂದು ಭಾಗವು ಎಚ್‌ಎಲ್‌ಎ-ಇ ಎಂಬ ಇನ್ನೊಂದು ಪ್ರೋಟೀನಿನ ಮೂಲಕ, ಸೋಂಕಿತ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕಣಗಳಿಗೆ ದಾಳಿ ನಿಲ್ಲಿಸುವ ಸಂಕೇತ ಕೊಡುವುದೇ ಇದಕ್ಕೆ ಕಾರಣವೆಂದು ತಿಳಿದುಬಂದಿದೆ.

ನ್ಯಾಚುರಲ್ ಕಿಲ್ಲರ್ ಕಣಗಳ ವಂಶವಾಹಿಗಳಿಗೂ ಇದರಲ್ಲಿ ಪಾತ್ರವಿದೆಯೇ?

ಇದೆ. ಈ ಕಣಗಳ ಮೇಲೆ ಕೆಐಆರ್ ಎಂಬ ಗ್ರಾಹಕಗಳಿರುತ್ತವೆ. ಅವುಗಳಲ್ಲಿ ಕೆಲವು ಕಣವನ್ನು ಕೆರಳಿಸುತ್ತವೆ, ಕೆಲವು ತಡೆಯುತ್ತವೆ. ಅವು ಗುರುತಿಸುವುದು ಎಚ್‌ಎಲ್‌ಎ ಪ್ರೋಟೀನುಗಳನ್ನೇ. ಕೆಐಆರ್3ಡಿಎಸ್1 ಎಂಬ ರೂಪ ಮತ್ತು ಎಚ್‌ಎಲ್‌ಎ-ಬಿಯ ಬಿಡಬ್ಲ್ಯು4 ಎಂಬ ಗುಂಪಿನ ನಿರ್ದಿಷ್ಟ ರೂಪಗಳು ಒಬ್ಬರಲ್ಲೇ ಕೂಡಿಬಂದಾಗ ರೋಗ ನಿಧಾನವಾಗುತ್ತದೆಂದು 2002ರಲ್ಲಿ ವರದಿಯಾಯಿತು. ಕೆಐಆರ್ ಇರುವುದು 19ನೆಯ ವರ್ಣತಂತುವಿನಲ್ಲಿ, ಎಚ್‌ಎಲ್‌ಎ ಇರುವುದು 6ನೆಯದರಲ್ಲಿ; ಎರಡೂ ಬೇರೆ ಬೇರೆಯಾಗಿಯೇ ಮಕ್ಕಳಿಗೆ ಬರುವುದರಿಂದ ಅಣ್ಣತಮ್ಮಂದಿರಲ್ಲೂ ಈ ಜೋಡಿ ಒಂದೇ ರೀತಿ ಇರಬೇಕೆಂದಿಲ್ಲ.

ಕೋಶದೊಳಗೇ ವೈರಸ್ಸನ್ನು ತಡೆಯುವ ಪ್ರೋಟೀನುಗಳ ವಿಷಯವೇನು?

ಎಪಿಒಬಿಇಸಿ3ಜಿ, ಟ್ರಿಮ್5 ಆಲ್ಫಾ, ಟೆಥರಿನ್ ಮತ್ತು ಎಸ್‌ಎಎಂಎಚ್‌ಡಿ1 ಇಂತಹ ಪ್ರೋಟೀನುಗಳು. ಎಪಿಒಬಿಇಸಿ3ಜಿ ವೈರಸ್ಸಿನ ಡಿಎನ್‌ಎಯಲ್ಲಿ ತಪ್ಪುಗಳನ್ನು ತುಂಬಿ ಅದನ್ನು ಕೆಡಿಸುತ್ತದೆ. ಎಚ್‌ಐವಿ ಅದಕ್ಕೆ ಎದುರಾಗಿ ವಿಫ್ ಎಂಬ ಪ್ರೋಟೀನನ್ನು ಇಟ್ಟುಕೊಂಡಿದೆ. ಹೊಸದಾಗಿ ಹುಟ್ಟಿದ ವೈರಸ್ಸುಗಳು ಕೋಶದಿಂದ ಬಿಟ್ಟುಹೋಗದಂತೆ ಟೆಥರಿನ್ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆದುರಾಗಿ ವಿಪಿಯು ಇದೆ. ರೀಸಸ್ ಕೋತಿಯ ಟ್ರಿಮ್5 ಆಲ್ಫಾ ಎಚ್‌ಐವಿಯನ್ನು ಚೆನ್ನಾಗಿ ತಡೆಯುತ್ತದೆ, ಮನುಷ್ಯನದು ಅಷ್ಟು ಸಮರ್ಥವಲ್ಲ. ಪ್ರಭೇದಗಳ ನಡುವಿನ ವ್ಯತ್ಯಾಸವನ್ನು ವಿವರಿಸಲು ಇವು ಬಹಳ ಮುಖ್ಯ. ಆದರೆ ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇವುಗಳ ರೂಪಭೇದಗಳ ಕೊಡುಗೆ ಎಚ್‌ಎಲ್‌ಎಗೆ ಹೋಲಿಸಿದರೆ ಸಣ್ಣದು, ಮತ್ತು ಒಂದು ಅಧ್ಯಯನದಲ್ಲಿ ಕಂಡದ್ದು ಮತ್ತೊಂದರಲ್ಲಿ ಕಾಣದೆ ಹೋದದ್ದೂ ಉಂಟು.

ಎಚ್‌ಎಲ್‌ಎ ಸೋಂಕನ್ನು ತಡೆಯುತ್ತದೆಯೇ, ಅಥವಾ ತಗುಲಿದ ನಂತರದ ರೋಗವನ್ನು ಮಾತ್ರ ನಿಧಾನಗೊಳಿಸುತ್ತದೆಯೇ?

ಈ ಎರಡನ್ನೂ ಬೆರೆಸುವುದು ಸಾಮಾನ್ಯವಾಗಿ ಕಾಣುವ ಗೊಂದಲ. ಸಿಡಿ8 ಕಣಗಳು ಕೆಲಸ ಮಾಡುವುದು ಕೋಶಕ್ಕೆ ಸೋಂಕು ತಗುಲಿದ ಮೇಲೆ. ಆದ್ದರಿಂದ ಎಚ್‌ಎಲ್‌ಎಯ ಪ್ರಭಾವ ಮುಖ್ಯವಾಗಿ ಕಾಣುವುದು ಸೋಂಕಿನ ನಂತರದ ಹಂತದಲ್ಲಿ. 2013ರಲ್ಲಿ ಪ್ರಕಟವಾದ, 6,000ಕ್ಕೂ ಹೆಚ್ಚು ಸೋಂಕಿತರನ್ನು ಸೋಂಕಿಲ್ಲದವರೊಂದಿಗೆ ಹೋಲಿಸಿದ ಜೀನೋಮ್ ಅಧ್ಯಯನದಲ್ಲಿ, ಸೋಂಕು ತಗುಲುವುದರ ಮೇಲೆ ಖಚಿತ ಪ್ರಭಾವ ತೋರಿದ್ದು ಎರಡು ಪ್ರತಿಗಳ ಡೆಲ್ಟಾ 32 ಒಂದೇ. ಬಿ 57 ಇರುವವರಿಗೆ ಸೋಂಕು ತಗುಲುವ ಅಪಾಯ ಇತರರಿಗಿಂತ ಕಡಿಮೆಯೆಂದು ನಂಬಲು ಆಧಾರವಿಲ್ಲ.

ತಾಯಿಯಿಂದ ಮಗುವಿಗೆ ಹರಡುವಾಗ ಎಚ್‌ಎಲ್‌ಎ ಏನು ಮಾಡುತ್ತದೆ?

ಮಗು ತನ್ನ ಎಚ್‌ಎಲ್‌ಎಯ ಅರ್ಧವನ್ನು ತಾಯಿಯಿಂದ ಪಡೆಯುತ್ತದೆ. ತಾಯಿಯ ದೇಹದಲ್ಲಿದ್ದ ವೈರಸ್ ಅವರ ಎಚ್‌ಎಲ್‌ಎಯಿಂದ ತಪ್ಪಿಸಿಕೊಳ್ಳಲು ಆಗಲೇ ಕಲಿತಿರುತ್ತದೆಯಾದ್ದರಿಂದ, ಆ ಅರ್ಧದ ಮಟ್ಟಿಗೆ ಮಗುವಿನ ರಕ್ಷಣೆ ಮೊದಲ ದಿನದಿಂದಲೇ ದುರ್ಬಲ. ತಾಯಿ ಮತ್ತು ಮಗುವಿನ ಎಚ್‌ಎಲ್‌ಎ ಹೆಚ್ಚು ಹೋಲುತ್ತಿದ್ದಷ್ಟೂ ಸೋಂಕು ಹರಡುವ ಸಾಧ್ಯತೆ ಹೆಚ್ಚು ಎಂಬುದನ್ನು ನೈರೋಬಿಯಲ್ಲಿ ನಡೆದ ಅಧ್ಯಯನ ತೋರಿಸಿದೆ.

ಇದನ್ನು ಓದಿ ಯಾವ ತಾಯಿಯೂ ಆತಂಕಪಡಬೇಕಾಗಿಲ್ಲ. ಯಾವ ತಡೆ ಕ್ರಮವೂ ಇಲ್ಲದಿದ್ದಾಗ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ಶೇ. 15ರಿಂದ 45ರಷ್ಟಿರುತ್ತದೆ. ಗರ್ಭಧಾರಣೆಗೆ ಮೊದಲೇ ಅಥವಾ ಗರ್ಭಾವಸ್ಥೆಯ ಆರಂಭದಲ್ಲೇ ಎಆರ್‌ಟಿ (ಎಚ್‌ಐವಿಯನ್ನು ತಡೆಯುವ ಔಷಧಗಳ ಚಿಕಿತ್ಸೆ) ಶುರುವಾಗಿ ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಹೆರಿಗೆಯವರೆಗಿನ ಈ ಅಪಾಯ ಶೇ. 1ಕ್ಕಿಂತ ಕೆಳಗೆ ಬರುತ್ತದೆ. ಎಚ್‌ಎಲ್‌ಎ ಹೊಂದಿಕೆ ಹೇಗೇ ಇರಲಿ, ಔಷಧ ತನ್ನ ಕೆಲಸ ಮಾಡುತ್ತದೆ.

ಒಟ್ಟಾರೆ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಎಷ್ಟು?

ಯುರೋಪ್ ಮೂಲದ 6,000ಕ್ಕೂ ಹೆಚ್ಚು ಸೋಂಕಿತರ ಮಾಹಿತಿಯನ್ನು ಒಟ್ಟುಗೂಡಿಸಿದ 2015ರ ಅಧ್ಯಯನದ ಪ್ರಕಾರ, ಸೆಟ್ ಪಾಯಿಂಟ್ ವೈರಲ್ ಲೋಡಿನಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 25ರಷ್ಟನ್ನು ಮನುಷ್ಯನ ಸಾಮಾನ್ಯ ರೂಪಭೇದಗಳು ವಿವರಿಸುತ್ತವೆ. ಅದರಲ್ಲಿ ಬಹುಪಾಲು ಎಚ್‌ಎಲ್‌ಎ ಮತ್ತು ಸಿಸಿಆರ್5 ಪ್ರದೇಶಗಳದ್ದೇ. ಉಳಿದದ್ದರಲ್ಲಿ ವೈರಸ್ಸಿನ ಸ್ವಂತ ಗುಣಗಳಿಗೆ ಗಣನೀಯ ಪಾಲಿದೆ.

ಈ ಸಂಖ್ಯೆಯನ್ನು ಓದುವಾಗ ಒಂದು ಕೊರತೆಯನ್ನು ನೆನಪಿಡಲೇಬೇಕು. ಎಚ್‌ಐವಿಯ ಹೊರೆ ಅತಿ ಹೆಚ್ಚು ಇರುವುದು ಆಫ್ರಿಕಾದಲ್ಲಿ. ಆದರೆ ವಂಶವಾಹಿ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಇದು ನ್ಯಾಯವೂ ಅಲ್ಲ, ವಿಜ್ಞಾನಕ್ಕೆ ಹಿತವೂ ಅಲ್ಲ. ಆಫ್ರಿಕಾ ಮೂಲದ ಸುಮಾರು 4,000 ಜನರನ್ನು ಅಧ್ಯಯನ ಮಾಡಿದಾಗ, 1ನೆಯ ವರ್ಣತಂತುವಿನಲ್ಲಿ ಸಿಎಚ್‌ಡಿ1ಎಲ್ ವಂಶವಾಹಿಯ ಬಳಿ, ಕಡಿಮೆ ವೈರಲ್ ಲೋಡಿಗೆ ಸಂಬಂಧಿಸಿದ ರೂಪಭೇದವೊಂದು ಸಿಕ್ಕಿತು. ಅದು ಪ್ರಕಟವಾದದ್ದು 2023ರಲ್ಲಿ. ಆಫ್ರಿಕಾ ಮೂಲದವರಲ್ಲಿ ಮಾತ್ರ ಕಾಣುವ ರೂಪಭೇದವಾದ್ದರಿಂದ, ಹಿಂದಿನ ಅಧ್ಯಯನಗಳನ್ನು ಎಷ್ಟು ದೊಡ್ಡದಾಗಿ ಮಾಡಿದ್ದರೂ ಅದು ಸಿಗುತ್ತಿರಲಿಲ್ಲ.

ರಕ್ಷಣೆ ಕೊಡುವ ಎಚ್‌ಎಲ್‌ಎ ರೂಪಗಳು ಎಲ್ಲ ಕಾಲಕ್ಕೂ, ಎಲ್ಲ ಕಡೆಯೂ ರಕ್ಷಣೆ ಕೊಡುತ್ತವೆಯೇ?

ಇಲ್ಲ. ವೈರಸ್ಸೂ ಜನಸಮುದಾಯಕ್ಕೆ ಹೊಂದಿಕೊಳ್ಳುತ್ತದೆ. ಜಪಾನಿನಲ್ಲಿ ಎಚ್‌ಎಲ್‌ಎ-ಬಿ 51 ಸಾಮಾನ್ಯವಾಗಿ ಕಾಣುವ ರೂಪ. 1980ರ ದಶಕದ ಆರಂಭದಲ್ಲಿ ಸೋಂಕು ತಗುಲಿದವರಲ್ಲಿ ಅದು ರೋಗವನ್ನು ನಿಧಾನಗೊಳಿಸಿತ್ತು. ಮುಂದೆ ಬಿ 51ರಿಂದ ತಪ್ಪಿಸಿಕೊಂಡ ವೈರಸ್ ರೂಪಗಳೇ ಆ ಜನರಲ್ಲಿ ಹರಡತೊಡಗಿದವು. ಹೊಸದಾಗಿ ಸೋಂಕು ತಗುಲುವವರಿಗೆ ಆಗಲೇ ತಪ್ಪಿಸಿಕೊಂಡ ವೈರಸ್ ಸಿಗುತ್ತಿದ್ದುದರಿಂದ ಆ ರಕ್ಷಣೆ ಮಸುಕಾಯಿತು. ಬೋಟ್ಸ್ವಾನಾದಲ್ಲಿಯೂ ಬಿ 57 ಮತ್ತು ಬಿ 58:01ರ ವಿಷಯದಲ್ಲಿ ಇಂಥದೇ ಬೆಳವಣಿಗೆ ವರದಿಯಾಗಿದೆ. ಸಾಂಕ್ರಾಮಿಕ ಅಲ್ಲಿಗಿಂತ ತಡವಾಗಿ ಹಬ್ಬಿದ ದಕ್ಷಿಣ ಆಫ್ರಿಕಾದಲ್ಲಿ ಅದೇ ರೂಪಗಳ ರಕ್ಷಣೆ ಇನ್ನೂ ಕಾಣುತ್ತಿತ್ತು. ಆದರೆ ಬೋಟ್ಸ್ವಾನಾದ ಹೊಂದಿಕೊಂಡ ವೈರಸ್ಸಿನ ವೃದ್ಧಿ ಸಾಮರ್ಥ್ಯವೂ ಕಡಿಮೆಯಾಗಿತ್ತು ಎಂಬುದನ್ನು ಇದರ ಜೊತೆಗೇ ಹೇಳಬೇಕು.

ಈ ಕ್ಷೇತ್ರದಲ್ಲಿ ನಂಬಿ ಆಮೇಲೆ ಕೈಬಿಟ್ಟ ಸಂಗತಿಗಳು ಇವೆಯೇ?

ಹಲವು. ಸಿಸಿಎಲ್3ಎಲ್1 ಎಂಬ ವಂಶವಾಹಿಯ ಪ್ರತಿಗಳು ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ ಇರುತ್ತವೆ. ಪ್ರತಿಗಳು ಕಡಿಮೆ ಇದ್ದರೆ ಸೋಂಕಿನ ಅಪಾಯ ಹೆಚ್ಚೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ಬಹಳ ಸುದ್ದಿಯಾಯಿತು. 2009ರಲ್ಲಿ ಬೇರೆ ತಂಡಗಳು ಪ್ರತಿಗಳನ್ನು ಹೆಚ್ಚು ಎಚ್ಚರಿಕೆಯಿಂದ ಎಣಿಸಿ ನೋಡಿದಾಗ ಆ ಸಂಬಂಧ ಸಿಗಲಿಲ್ಲ. ಕೆಲವೇ ನೂರು ಜನರಲ್ಲಿ ಕಂಡ, ಬೇರೆಡೆ ಮತ್ತೆ ಪರಿಶೀಲನೆಯಾಗದ ಫಲಿತಾಂಶವನ್ನು ಪತ್ರಿಕೆಯಲ್ಲಿ ಓದಿದಾಗ ಇದನ್ನು ನೆನೆಯುವುದು ಉಪಯುಕ್ತ.

ಔಷಧವಿಲ್ಲದೆ ವೈರಸ್ಸನ್ನು ಹತೋಟಿಯಲ್ಲಿಟ್ಟವರಿಗೂ ಚಿಕಿತ್ಸೆ ಬೇಕೇ?

ರಕ್ತದಲ್ಲಿ ವೈರಸ್ ಪತ್ತೆಯಾಗದಿದ್ದರೂ ಇಂಥವರ ದೇಹದಲ್ಲಿ ಉರಿಯೂತದ ಸೂಚಕಗಳು ಸೋಂಕಿಲ್ಲದವರಲ್ಲಿರುವುದಕ್ಕಿಂತ ಹೆಚ್ಚಿರುವುದು ಕಂಡುಬಂದಿದೆ. ಇದು ಹೃದಯ ಮತ್ತು ರಕ್ತನಾಳಗಳಿಗೆ ಒಳ್ಳೆಯದಲ್ಲ. ಹತೋಟಿ ಹಲವು ವರ್ಷಗಳ ಮೇಲೆ ತಪ್ಪಿಹೋದ ನಿದರ್ಶನಗಳೂ ಇವೆ. 2015ರಲ್ಲಿ ಸ್ಟಾರ್ಟ್ ಎಂಬ ದೊಡ್ಡ ಪ್ರಯೋಗವು, ಸಿಡಿ4 ಎಣಿಕೆ ಚೆನ್ನಾಗಿರುವಾಗಲೇ ಚಿಕಿತ್ಸೆ ಶುರುಮಾಡಿದರೆ ಗಂಭೀರ ಕಾಯಿಲೆ ಮತ್ತು ಸಾವಿನ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆಂದು ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಎಣಿಕೆ ಎಷ್ಟೇ ಇರಲಿ, ಎಚ್‌ಐವಿಯೊಂದಿಗೆ ಬದುಕುತ್ತಿರುವ ಎಲ್ಲರಿಗೂ ಎಆರ್‌ಟಿ ಕೊಡಬೇಕೆಂದು ಶಿಫಾರಸು ಮಾಡಿತು. ತಮ್ಮದು ನಿಧಾನಗತಿಯ ಸೋಂಕೆಂದು ಭಾವಿಸಿ ಕಾಯುತ್ತಿರುವವರು ದಯವಿಟ್ಟು ಈ ವಿಷಯವನ್ನು ತಮ್ಮ ವೈದ್ಯರೊಂದಿಗೆ ಮಾತನಾಡಬೇಕು.

ನನ್ನ ಎಚ್‌ಎಲ್‌ಎ ಅಥವಾ ಸಿಸಿಆರ್5 ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ರೋಗ ಎಷ್ಟು ವೇಗವಾಗಿ ಮುಂದುವರಿಯುತ್ತದೆಂದು ತಿಳಿಯುವುದಕ್ಕಾಗಿ ಬೇಡ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಬಿ 57 ಇದ್ದೂ ರೋಗ ಬೇಗ ಬೆಳೆದವರಿದ್ದಾರೆ. ಯಾವ ರಕ್ಷಕ ರೂಪವೂ ಇಲ್ಲದೆ ಎಲೀಟ್ ಕಂಟ್ರೋಲರ್ ಆದವರೂ ಇದ್ದಾರೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಪರೀಕ್ಷೆಗೆ ನೇರ ಪ್ರಯೋಜನವಿದೆ, ಮತ್ತು ಅದಕ್ಕೆ ಕಾರಣ ಬೇರೆಯೇ. ಅಬಕಾವಿರ್ ಎಂಬ ಎಚ್‌ಐವಿ ಔಷಧವು ಎಚ್‌ಎಲ್‌ಎ-ಬಿ 57:01ರ ಸೀಳಿನೊಳಗೆ ಕೂತು ಅದರ ಆಕಾರವನ್ನೇ ಬದಲಿಸುತ್ತದೆ. ಆಗ ದೇಹ ತನ್ನದೇ ಪ್ರೋಟೀನಿನ ತುಣುಕುಗಳನ್ನು ಪರಕೀಯವೆಂದು ಭಾವಿಸಿ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ: ಜ್ವರ, ದದ್ದು, ವಾಂತಿ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಔಷಧ ನಿಲ್ಲಿಸಿದ ಮೇಲೆ ಮತ್ತೆ ಅದನ್ನೇ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯವಾಗಬಹುದು. 2008ರಲ್ಲಿ ಪ್ರಕಟವಾದ, ಸುಮಾರು 2,000 ಜನರ ಪ್ರಯೋಗದಲ್ಲಿ, ಮೊದಲೇ ಬಿ 57:01 ಪರೀಕ್ಷೆ ಮಾಡಿ ಅದಿದ್ದವರಿಗೆ ಅಬಕಾವಿರ್ ಕೊಡದೆ ಬಿಟ್ಟ ಗುಂಪಿನಲ್ಲಿ ಇಂತಹ ದೃಢಪಟ್ಟ ಪ್ರತಿಕ್ರಿಯೆ ಒಂದೂ ಕಾಣಲಿಲ್ಲ. ಅಂದಿನಿಂದ ಅಬಕಾವಿರ್ ಕೊಡುವ ಮೊದಲು ಈ ಪರೀಕ್ಷೆ ಮಾಡಬೇಕೆಂಬುದು ಅಂಗೀಕೃತ ಕ್ರಮ. ವೈರಸ್ಸನ್ನು ನಿಧಾನಗೊಳಿಸುವ ರೂಪವೇ ಒಂದು ಔಷಧದ ವಿಷಯದಲ್ಲಿ ಅಪಾಯ ತರುತ್ತದೆ. ಯಾವ ವಂಶವಾಹಿ ರೂಪವನ್ನೂ ಸಾರಾಸಗಟಾಗಿ ಒಳ್ಳೆಯದು ಅಥವಾ ಕೆಟ್ಟದ್ದು ಎನ್ನಲು ಬರುವುದಿಲ್ಲ.

ಸಿಸಿಆರ್5 ಕುರಿತ ತಿಳಿವಳಿಕೆಯಿಂದ ಔಷಧವೇನಾದರೂ ಬಂದಿದೆಯೇ?

ಬಂದಿದೆ. ಸಿಸಿಆರ್5 ಇಲ್ಲದೆಯೂ ಜನ ಆರೋಗ್ಯವಾಗಿ ಬದುಕುತ್ತಾರೆಂಬುದೇ ಅದನ್ನು ತಡೆಯುವ ಔಷಧ ಹುಡುಕಲು ಧೈರ್ಯ ಕೊಟ್ಟಿತು. ಮರಾವಿರಾಕ್ ಎಂಬ ಔಷಧಕ್ಕೆ 2007ರಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಅದನ್ನು ಕೊಡುವ ಮೊದಲು ರೋಗಿಯ ವೈರಸ್ ಸಿಸಿಆರ್5 ಬಳಸುವಂಥದ್ದೇ ಎಂದು ಪರೀಕ್ಷಿಸಬೇಕಾಗುತ್ತದೆ.

ಅಸ್ಥಿಮಜ್ಜೆ ಕಸಿಯಿಂದ ಎಚ್‌ಐವಿ ವಾಸಿಯಾದವರಿದ್ದಾರಲ್ಲ, ಅದನ್ನು ಎಲ್ಲರಿಗೂ ಮಾಡಬಾರದೇಕೆ?

ಟಿಮೋಥಿ ರೇ ಬ್ರೌನ್ ಎಂಬುವರಿಗೆ ಎಚ್‌ಐವಿಯ ಜೊತೆಗೆ ರಕ್ತದ ಕ್ಯಾನ್ಸರ್ ಕೂಡ ಇತ್ತು. ಬರ್ಲಿನ್‌ನಲ್ಲಿ ವೈದ್ಯ ಗೇರೋ ಹ್ಯೂಟರ್ ಅವರ ತಂಡ 2007ರಲ್ಲಿ ಮತ್ತು 2008ರಲ್ಲಿ ಅವರಿಗೆ ಡೆಲ್ಟಾ 32 ಎರಡು ಪ್ರತಿಗಳಿದ್ದ ದಾನಿಯ, ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು ಕಸಿ ಮಾಡಿತು. ಔಷಧ ನಿಲ್ಲಿಸಿದ ಮೇಲೂ ವೈರಸ್ ಮರಳಲಿಲ್ಲ. ಕ್ಯಾನ್ಸರ್ ಮರುಕಳಿಸಿ 2020ರಲ್ಲಿ ಅವರು ತೀರಿಕೊಂಡಾಗಲೂ ಎಚ್‌ಐವಿ ಮರಳಿರಲಿಲ್ಲ. ಲಂಡನ್ನಿನ ಆಡಮ್ ಕಾಸ್ಟಿಲ್ಲೆಹೋ ಅವರ ಪ್ರಕರಣ 2019ರಲ್ಲಿ ವರದಿಯಾಯಿತು. ಆಮೇಲೆ ಇನ್ನೂ ಕೆಲವರು ಹೀಗೆ ಗುಣಮುಖರಾಗಿದ್ದಾರೆ.

ಆದರೆ ಈ ಕಸಿಯೇ ಪ್ರಾಣಾಪಾಯದ ಚಿಕಿತ್ಸೆ. ಅದನ್ನು ಮಾಡಿದ್ದು ಕ್ಯಾನ್ಸರ್‌ಗಾಗಿ, ಎಚ್‌ಐವಿಗಾಗಿ ಅಲ್ಲ. ದಿನಕ್ಕೊಂದು ಮಾತ್ರೆಯಿಂದ ದೀರ್ಘ ಆಯುಸ್ಸು ಸಾಧ್ಯವಿರುವಾಗ ಆರೋಗ್ಯವಂತರನ್ನು ಆ ಅಪಾಯಕ್ಕೆ ಒಡ್ಡುವುದು ತಪ್ಪಾಗುತ್ತದೆ. ಡೆಲ್ಟಾ 32 ದಾನಿಯಿಂದ ಕಸಿ ಮಾಡಿಸಿಕೊಂಡ ಇನ್ನೊಬ್ಬ ರೋಗಿಯಲ್ಲಿ ಸಿಎಕ್ಸ್‌ಸಿಆರ್4 ಬಳಸುವ ವೈರಸ್ ಮರಳಿ ಬಂದದ್ದೂ ದಾಖಲಾಗಿದೆ. ಇದಕ್ಕೆ ಎದುರಾಗಿ, 2023ರಲ್ಲಿ ವರದಿಯಾದ ಜಿನೀವಾದ ವ್ಯಕ್ತಿಯ ದಾನಿಗೆ ಡೆಲ್ಟಾ 32 ಇರಲೇ ಇಲ್ಲ. ಆದರೂ ಔಷಧ ನಿಲ್ಲಿಸಿದ ಮೇಲೆ ವೈರಸ್ ಕಾಣಿಸಿಕೊಳ್ಳಲಿಲ್ಲ. ದಾನಿಯ ಕಣಗಳು ಹಳೆಯ ಸೋಂಕಿತ ಕಣಗಳನ್ನು ನಾಶಮಾಡುವುದಕ್ಕೂ ಈ ಗುಣಮುಖತೆಯಲ್ಲಿ ದೊಡ್ಡ ಪಾಲಿದೆಯೆಂದು ಇದರಿಂದ ತೋರುತ್ತದೆ.

ಹುಟ್ಟುವ ಮೊದಲೇ ಮಗುವಿನ ಸಿಸಿಆರ್5 ತಿದ್ದಬಹುದೇ?

ಚೀನಾದ ಹೇ ಜಿಯಾನ್‌ಕುಯಿ 2018ರಲ್ಲಿ ಭ್ರೂಣಗಳ ಸಿಸಿಆರ್5 ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿರುವುದಾಗಿ ಪ್ರಕಟಿಸಿದರು. ಆದ ಬದಲಾವಣೆ ಡೆಲ್ಟಾ 32ರ ನಿಖರ ನಕಲಾಗಿರಲಿಲ್ಲ. 2019ರ ಕೊನೆಯಲ್ಲಿ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಸಿಸಿಆರ್5 ಇಲ್ಲದವರಲ್ಲಿ ವೆಸ್ಟ್ ನೈಲ್ ವೈರಸ್ ಸೋಂಕು ರೋಗಲಕ್ಷಣಗಳನ್ನು ತೋರುವ ಸಾಧ್ಯತೆ ಹೆಚ್ಚೆಂಬುದು ಅದಕ್ಕೆ ಮೊದಲೇ ಗೊತ್ತಿತ್ತು. ಸುರಕ್ಷಿತ ತಡೆ ವಿಧಾನಗಳಿರುವ ಸೋಂಕಿಗಾಗಿ, ಒಪ್ಪಿಗೆ ಕೊಡಲಾಗದ ಮಗುವಿನ ಮೇಲೆ ತಲೆಮಾರುಗಳಿಗೆ ಸಾಗುವ ಬದಲಾವಣೆ ಮಾಡುವುದನ್ನು ನಾವು ಒಪ್ಪಲಾರೆವು. ವಯಸ್ಕ ರೋಗಿಗಳ ಒಪ್ಪಿಗೆ ಪಡೆದು ಅವರದೇ ಟಿ ಕಣಗಳ ಸಿಸಿಆರ್5 ತೆಗೆದು ಮರಳಿ ಸೇರಿಸುವ ಪ್ರಯೋಗಗಳು ಬೇರೆಯೇ ಮಾತು. ಹನ್ನೆರಡು ಜನರಲ್ಲಿ ನಡೆದ ಅಂತಹ ಮೊದಲ ಪ್ರಯೋಗ 2014ರಲ್ಲಿ ಪ್ರಕಟವಾಗಿ, ವಿಧಾನ ಬಹುಮಟ್ಟಿಗೆ ಸುರಕ್ಷಿತವೆಂದು ತೋರಿಸಿತು.

ಲಸಿಕೆಯ ಹುಡುಕಾಟಕ್ಕೆ ಈ ಸಂಶೋಧನೆ ಹೇಗೆ ನೆರವಾಗುತ್ತಿದೆ?

ಬಿ 57 ಕಲಿಸಿದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ವೈರಸ್ಸಿನ ಯಾವ ಭಾಗಗಳು ಬದಲಾದರೆ ಅದರ ರಚನೆಯೇ ಕುಸಿಯುತ್ತದೆ ಎಂದು ಪ್ರೋಟೀನುಗಳ ಮೂರು ಆಯಾಮದ ರೂಪದಿಂದ ಲೆಕ್ಕಹಾಕುವ ವಿಧಾನವೊಂದನ್ನು 2019ರಲ್ಲಿ ಸಂಶೋಧಕರು ಪ್ರಕಟಿಸಿದರು. ವೈರಸ್ಸನ್ನು ಹತೋಟಿಯಲ್ಲಿಟ್ಟವರ ಸಿಡಿ8 ಕಣಗಳು ಗುರಿಯಿಡುತ್ತಿದ್ದುದು ಅಂತಹ ಭಾಗಗಳನ್ನೇ. ಬಿ 57 ಅಥವಾ ಬಿ 27 ಇಲ್ಲದ ಕಂಟ್ರೋಲರ್‌ಗಳಲ್ಲಿಯೂ ಹೀಗೇ ಇದ್ದುದು ಇದರ ಅತ್ಯಂತ ಮುಖ್ಯ ಅಂಶ. ಬೇರೆ ಎಚ್‌ಎಲ್‌ಎ ರೂಪಗಳಿಗೂ ವೈರಸ್ಸಿನ ಈ ದುರ್ಬಲ ಜಾಗಗಳನ್ನು ಹಿಡಿದು ತೋರಿಸುವುದು ಸಾಧ್ಯವಿದೆ ಎಂದಾಯಿತು. ಆದ್ದರಿಂದ ಸಾಮಾನ್ಯ ಎಚ್‌ಎಲ್‌ಎ ಇರುವವರ ಸಿಡಿ8 ಕಣಗಳನ್ನೂ ಲಸಿಕೆಯ ಮೂಲಕ ಅದೇ ಜಾಗಗಳ ಮೇಲೆ ಗುರಿಯಿಡುವಂತೆ ಮಾಡಬಹುದೇ ಎಂಬುದನ್ನು ಸಂಶೋಧಕರು ಈಗ ಪರೀಕ್ಷಿಸುತ್ತಿದ್ದಾರೆ.